ಸತ್ತಿದೆಯೋ, ಕಾಯುತ್ತಿದೆಯೋ?

ಒಂದು ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ ಪ್ರೋಗ್ರಾಮನ್ನು ಇನ್ನೊಂದಕ್ಕೆ ಒಯ್ದಾಗ ಕಂಪೈಲರ್ ಬೈದರೆ ಅದು ಒಳ್ಳೆಯ ಲಕ್ಷಣ. ಯಾವ ಸಾಲಿನಲ್ಲಿ ಏನು ಹಿಡಿಸಲಿಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತದೆ, ತಿದ್ದಿದರಾಯಿತು. ಕಷ್ಟ ಶುರುವಾಗುವುದು ಕಂಪೈಲರ್ ಸುಮ್ಮನಿದ್ದು ಪ್ರೋಗ್ರಾಂ ಕೂಡ ಸುಮ್ಮನಾದಾಗ. ಪರದೆಯ ಮೇಲೆ ಕರ್ಸರ್ ಮಿಣುಕುತ್ತಿರುತ್ತದೆ, ದೋಷ ಎಂದು ಒಂದಕ್ಷರ ಬರುವುದಿಲ್ಲ. ಅಥವಾ ಕೆಲಸ ಅರ್ಧಕ್ಕೇ ನಿಂತು ಪ್ರಾಂಪ್ಟ್ ವಾಪಸ್ ಬಂದಿರುತ್ತದೆ, ಯಾಕೆ ಎಂದು ಕೇಳಿದರೆ ಹೇಳುವವರಿಲ್ಲ.

ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ, ಅಂದರೆ ಲಿನಕ್ಸ್, ಮ್ಯಾಕ್, ಫ್ರೀಬಿಎಸ್‌ಡಿ, ಸೋಲಾರಿಸ್, ಎಐಎಕ್ಸ್ ಮುಂತಾದವುಗಳಲ್ಲಿ, ಇಂಥ ಮೌನ ಕಂಡರೆ ನಾನು ಮೊದಲು ಅನುಮಾನಿಸುವುದು ಎರಡನ್ನು: ಸಿಗ್ನಲ್ ಮತ್ತು ನೇಮ್ಡ್ ಪೈಪ್. ಎರಡೂ ಹಳೆಯವು, ಎರಡೂ ಪಠ್ಯಪುಸ್ತಕದಲ್ಲಿ ಅರ್ಧ ಅಧ್ಯಾಯಕ್ಕೆ ಮುಗಿಯುವಷ್ಟು ಸರಳವಾಗಿ ಕಾಣುತ್ತವೆ. ಆದರೆ ಪ್ರತಿ ವ್ಯವಸ್ಥೆಯೂ ಇವುಗಳನ್ನು ತನ್ನದೇ ರೀತಿಯಲ್ಲಿ ನಡೆಸಿಕೊಳ್ಳುತ್ತದೆ. ಬರೆದವನಿಗೆ ಅದು ಗೊತ್ತಿರುವುದಿಲ್ಲ, ಏಕೆಂದರೆ ಅವನ ಯಂತ್ರದಲ್ಲಿ ಅದು ಸರಿಯಾಗಿಯೇ ಓಡಿತ್ತು. ಪೋರ್ಟಿಂಗ್, ಅಂದರೆ ಹೀಗೆ ಪ್ರೋಗ್ರಾಂ ಒಯ್ಯುವ ಕೆಲಸ, ಮಾಡುವಾಗ ಎದುರಾಗುವ ದೋಷ ಬಹಳ ಸಲ ಬರೆದ ಕೋಡಿನಲ್ಲಿರುವುದಿಲ್ಲ, ಬರೆಯದೆ ನಂಬಿಕೊಂಡ ಸಂಗತಿಯಲ್ಲಿರುತ್ತದೆ.

ಮೊದಲು ಇವೆರಡು ಏನೆಂದು ನೋಡೋಣ. ಓಡುತ್ತಿರುವ ಪ್ರಾಸೆಸ್‌ಗೆ ಕರ್ನಲ್ ಕೊಡುವ ಪುಟ್ಟ ಸೂಚನೆ ಸಿಗ್ನಲ್. ಅದರಲ್ಲಿ ಸಂದೇಶವೇನೂ ಇರುವುದಿಲ್ಲ, ಬರೀ ಒಂದು ನಂಬರ್. ನೀವು ಕಂಟ್ರೋಲ್-ಸಿ ಒತ್ತಿದರೆ 2, ನಿಲ್ಲು ಎಂದು ಮರ್ಯಾದೆಯಿಂದ ಹೇಳಿದರೆ 15, ಮಾತೇ ಇಲ್ಲದೆ ಮುಗಿಸಿದರೆ 9. ಇನ್ನು ಪೈಪ್. ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ನೇರವಾಗಿ ಓದಲಿ ಎಂಬ ಆಲೋಚನೆಯನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸಿಗೆ ತಂದರು. ಆ ಪೈಪ್ ಒಂದೇ ಮನೆಯವರಿಗೆ ಮಾತ್ರ: ಒಂದೇ ತಾಯಿ ಪ್ರಾಸೆಸ್‌ನಿಂದ ಹುಟ್ಟಿದವರು ಅದನ್ನು ಹಂಚಿಕೊಳ್ಳಬಹುದು. ಪರಸ್ಪರ ಸಂಬಂಧವಿಲ್ಲದ ಎರಡು ಪ್ರೋಗ್ರಾಂಗಳೂ ಮಾತಾಡಿಕೊಳ್ಳಲಿ ಎಂದು 1980ರ ದಶಕದ ಆರಂಭದ ಸಿಸ್ಟಂ-3 ಯುನಿಕ್ಸಿನಲ್ಲಿ ಹೆಸರಿರುವ ಪೈಪ್ ಬಂತು. ಮೊದಲು ಬಂದದ್ದು ಮೊದಲು ಹೊರಗೆ ಹೋಗುವುದರಿಂದ ಇದನ್ನು ಫೈಫೊ ಎನ್ನುತ್ತಾರೆ. ಡೈರೆಕ್ಟರಿಯಲ್ಲಿ ಫೈಲಿನ ಹಾಗೇ ಕಾಣುತ್ತದೆ. ಎಲ್‌ಎಸ್ ಮೈನಸ್ ಎಲ್ ಕೊಟ್ಟರೆ ಸಾಲಿನ ಮೊದಲ ಅಕ್ಷರ ‘ಪಿ’, ಗಾತ್ರ 0. ಅದರೊಳಗೆ ಹಾಕಿದ್ದು ಡಿಸ್ಕಿಗೆ ಹೋಗುವುದಿಲ್ಲ, ಕರ್ನಲ್‌ನ ಮೆಮೊರಿಯಲ್ಲೇ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ.

ನಮ್ಮ ರಾಜ್ಯದಲ್ಲಿ ಪೋರ್ಟಿಂಗ್ ವಿದ್ಯೆಗೆ ಗಿರಾಕಿ ಹುಟ್ಟಿಸಿದ್ದರಲ್ಲಿ ಬ್ಯಾಂಕುಗಳ ಪಾಲು ದೊಡ್ಡದು. ರಿಸರ್ವ್ ಬ್ಯಾಂಕ್ 1983ರಲ್ಲಿ ನೇಮಿಸಿದ ಸಿ. ರಂಗರಾಜನ್ ಸಮಿತಿ ಮರುವರ್ಷ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಕಂಪ್ಯೂಟರ್ ಬರತೊಡಗಿತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಹೀಗೆ ಐದು ಬ್ಯಾಂಕುಗಳು ಕರಾವಳಿಯಲ್ಲೇ ಹುಟ್ಟಿದ ರಾಜ್ಯ ನಮ್ಮದು. ಬ್ಯಾಂಕುಗಳ ಹಿಂಬದಿ ಕೋಣೆಯ ಯಂತ್ರಗಳಲ್ಲಿ ಒಂದು ಕಡೆ ಎಸ್‌ಸಿಒ ಯುನಿಕ್ಸ್, ಇನ್ನೊಂದು ಕಡೆ ಎಚ್‌ಪಿಯವರದು, ಮತ್ತೊಂದು ಕಡೆ ಐಬಿಎಂನ ಎಐಎಕ್ಸ್ ಅಥವಾ ಸನ್‌ನ ಸೋಲಾರಿಸ್. ಇನ್ಫೋಸಿಸ್‌ನ ಫಿನಾಕಲ್‌ನಂಥ ಬ್ಯಾಂಕಿಂಗ್ ಸಾಫ್ಟ್‌ವೇರ್ ಗಿರಾಕಿ ಕೊಂಡ ಯಂತ್ರ ಯಾವುದೇ ಇರಲಿ, ಅದರ ಮೇಲೆ ಓಡಲೇಬೇಕಿತ್ತು. ಆಮೇಲೆ ಇವೆಲ್ಲ ಲಿನಕ್ಸಿಗೆ ಬರುವ ಕಾಲ ಬಂತು. ಹೀಗೆ ಒಂದು ಯುನಿಕ್ಸಿನಿಂದ ಇನ್ನೊಂದಕ್ಕೆ ಪ್ರೋಗ್ರಾಂ ಸಾಗಿಸುವುದೇ ಬೆಂಗಳೂರಿನಲ್ಲಿ ಸಾವಿರಾರು ಜನರ ಹೊಟ್ಟೆಪಾಡಾಯಿತು.

ಕಾಲೇಜುಗಳೂ ಅದಕ್ಕೆ ತಕ್ಕ ಪಾಠ ಇಟ್ಟವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರಿಗೆ ಯುನಿಕ್ಸ್ ಸಿಸ್ಟಂ ಪ್ರೋಗ್ರಾಮಿಂಗ್ ಎಂಬ ವಿಷಯವಿತ್ತು. ಅದರ ಲ್ಯಾಬಿನಲ್ಲಿ ಒಂದು ಪ್ರಯೋಗ: ಓದುವ ಪ್ರಾಸೆಸ್ ಒಂದು, ಬರೆಯುವ ಪ್ರಾಸೆಸ್ ಒಂದು, ಫೈಫೊ ಹುಟ್ಟಿಸುವ ಎಂಕೆಫೈಫೊ, ಓಪನ್, ರೀಡ್, ರೈಟ್, ಕ್ಲೋಸ್ ಬಳಸಿ ಇಬ್ಬರ ನಡುವೆ ಮಾತು ನಡೆಸಿ ತೋರಿಸಿ. ಅದೇ ಪಟ್ಟಿಯಲ್ಲಿ ಅಲಾರಂ ಸಿಗ್ನಲ್ ಇಟ್ಟುಕೊಂಡು ಟೈಮರ್ ಮಾಡುವ ಪ್ರಯೋಗವೂ ಇತ್ತು. ಬೀದರ್‌ನಿಂದ ಮಂಗಳೂರಿನವರೆಗೆ, ನಮ್ಮ ನವುಲೆಯ ಜೆಎನ್‌ಎನ್‌ಸಿಇ ಕಾಲೇಜೂ ಸೇರಿ, ಆ ವಿಷಯ ಓದಿದವರೆಲ್ಲ ಈ ಪ್ರೋಗ್ರಾಮನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದಿದ್ದಾರೆ. ಪುಟ ಒಂದೂವರೆಯಷ್ಟು ಕೋಡ್. ಅದನ್ನು ಲ್ಯಾಬಿನಿಂದ ರೂಮಿಗೆ ತರುವುದೇ ಬಹಳ ಮಂದಿಗೆ ಮೊದಲ ಪೋರ್ಟಿಂಗ್.

ಭದ್ರಾವತಿಯಿಂದ ಬಂದು ರವೀಂದ್ರನಗರದ ನಮ್ಮ ರಸ್ತೆಯಲ್ಲೇ ರೂಮ್ ಮಾಡಿಕೊಂಡಿದ್ದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದ.

“ಸಾರ್, ಲ್ಯಾಬಲ್ಲಿ ಓಡ್ತಿತ್ತು. ಇಲ್ಲಿ ಎಂಕೆಫೈಫೊನೇ ಆಗ್ತಿಲ್ಲ.”

“ಏನಂತ ಬರ್ತಿದೆ?”

“ಆಪರೇಷನ್ ನಾಟ್ ಪರ್ಮಿಟೆಡ್ ಅಂತ. ಸುಡೊ ಹಾಕಿ ನೋಡ್ದೆ ಸಾರ್, ಆದ್ರೂ ಅದೇ.”

“ಎಲ್ಲಿಂದ ಓಡಿಸ್ತಿದೀಯ ಮಾರಾಯ?”

“ಪೆನ್‌ಡ್ರೈವಿಂದಾನೇ ಸಾರ್.”

ಅಲ್ಲಿಗೆ ರೋಗ ಗೊತ್ತಾಯಿತು. ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್-32 ಫಾರ್ಮ್ಯಾಟಿನವು. ಆ ಫೈಲ್ ಸಿಸ್ಟಮ್‌ನಲ್ಲಿ ಫೈಲ್ ಮತ್ತು ಫೋಲ್ಡರ್‌ಗೆ ಜಾಗವಿದೆ, ‘ಇದು ಫೈಫೊ’ ಎಂದು ಗುರುತು ಹಾಕಲು ಜಾಗವೇ ಇಲ್ಲ. ಲಿನಕ್ಸ್ ಅದನ್ನು ನೇರವಾಗಿ ಹೇಳುವ ಬದಲು ‘ಅನುಮತಿ ಇಲ್ಲ’ ಎಂದು ಹೇಳುತ್ತದೆ. ಅನುಮತಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರ ಕೈ ಸುಡೊ ಕಡೆಗೆ ಹೋಗುತ್ತದೆ. ಆದರೆ ರೂಟ್ ಯೂಸರ್ ಬಂದರೂ ಇಲ್ಲದ ಜಾಗ ಹುಟ್ಟುವುದಿಲ್ಲ. ವರ್ಚುವಲ್‌ಬಾಕ್ಸ್ ಹಾಕಿಕೊಂಡು ವಿಂಡೋಸ್‌ನ ಜೊತೆ ಹಂಚಿಕೊಂಡ ಫೋಲ್ಡರಿನಲ್ಲಿ ಫೈಫೊ ಮಾಡಲು ಹೋದರೂ ಇದೇ ಕಥೆ. ಪ್ರೋಗ್ರಾಮನ್ನು ಲಿನಕ್ಸಿನ ಹೋಮ್ ಡೈರೆಕ್ಟರಿಗೆ ಕಾಪಿ ಮಾಡಿದರೆ ಕೋಡಿನ ಒಂದಕ್ಷರ ಮುಟ್ಟದೆ ಫೈಫೊ ಹುಟ್ಟುತ್ತದೆ. ಅವನದೂ ಹುಟ್ಟಿತು.

ಮುಂದಿನ ದೂರು ತಕ್ಷಣವೇ ಬಂತು: “ಈಗ ಹ್ಯಾಂಗ್ ಆಯ್ತು ಸಾರ್.” ಹ್ಯಾಂಗ್ ಆಗಿರಲಿಲ್ಲ. ಓದುವ ಪ್ರೋಗ್ರಾಮನ್ನು ಮೊದಲು ಶುರುಮಾಡಿದ್ದ. ಫೈಫೊದಲ್ಲಿ ಓಪನ್ ಎಂಬುದೇ ಇಬ್ಬರು ಸೇರಿ ಮಾಡುವ ಕೆಲಸ. ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಮೂಟೆಯ ಒಂದು ತುದಿ ಹಿಡಿದ ಹಮಾಲಿ ಇನ್ನೊಬ್ಬ ಬಂದು ಆ ತುದಿ ಹಿಡಿಯುವವರೆಗೆ ಬಗ್ಗಿಯೇ ನಿಂತಿರುವ ಹಾಗೆ, ಓದುವವನು ಓಪನ್ ಎಂಬಲ್ಲೇ ನಿಲ್ಲುತ್ತಾನೆ. ಇನ್ನೊಂದು ಟರ್ಮಿನಲ್‌ನಲ್ಲಿ ಪಿಎಸ್ ಕಮಾಂಡಿಗೆ ಡಬ್ಲ್ಯುಚಾನ್ ಎಂಬ ಕಾಲಂ ಕೇಳಿ ನೋಡಿದೆವು. ಆ ಪ್ರಾಸೆಸ್ ಕರ್ನಲ್‌ನ ಯಾವ ಫಂಕ್ಷನ್ನಿನಲ್ಲಿ ಮಲಗಿದೆ ಎಂಬುದನ್ನು ಆ ಕಾಲಂ ತೋರಿಸುತ್ತದೆ. ಅಲ್ಲಿದ್ದ ಹೆಸರು ‘ವೇಟ್ ಫಾರ್ ಪಾರ್ಟ್‌ನರ್’. ಲಿನಕ್ಸ್ ಬರೆದವರು ಇದಕ್ಕಿಂತ ಬಿಡಿಸಿ ಹೇಳಲಾರರು. ಬರೆಯುವ ಪ್ರೋಗ್ರಾಂ ಶುರುಮಾಡಿದ ಕೂಡಲೇ ಎರಡೂ ಎದ್ದವು, ಸಾಲು ಈಚೆ ಬಂತು. ಎರಡನೇ ಸಲ ಓಡಿಸಿದಾಗ ‘ಫೈಲ್ ಈಗಾಗಲೇ ಇದೆ’ ಎಂಬ ದೋಷ. ಪ್ರೋಗ್ರಾಂ ಮುಗಿದರೂ ಫೈಫೊ ಡೈರೆಕ್ಟರಿಯಲ್ಲಿ ಹಾಗೇ ಉಳಿಯುತ್ತದೆ, ಅದನ್ನು ಅಳಿಸುವುದು ನಮ್ಮ ಜವಾಬ್ದಾರಿ.

ಇದು ಒಂದೇ ಯಂತ್ರದ ಮಾತು. ವ್ಯವಸ್ಥೆ ಬದಲಾದಾಗ ಇನ್ನೂ ಸೂಕ್ಷ್ಮ ತೊಡಕುಗಳು ಬರುತ್ತವೆ.

ಕಾಯುವುದು ಬೇಡ ಎಂದು ಓಪನ್‌ಗೆ ನಾನ್‌ಬ್ಲಾಕ್ ಎಂಬ ಸೂಚನೆ ಕೊಡಬಹುದು. ಆಗ ಓದುವವನಿಗೂ ಬರೆಯುವವನಿಗೂ ನ್ಯಾಯ ಬೇರೆ ಬೇರೆ. ಓದುವವನಿಗೆ ಬಾಗಿಲು ಕೂಡಲೇ ತೆರೆಯುತ್ತದೆ. ಬರೆಯುವವನಿಗೆ ಆಚೆ ಕಡೆ ಓದುವವರು ಇಲ್ಲದಿದ್ದರೆ ಇಎನ್‌ಎಕ್ಸ್‌ಐಒ ಎಂಬ ದೋಷ ಸಿಗುತ್ತದೆ. ಈ ತಾಪತ್ರಯವೇ ಬೇಡ ಎಂದು ಹಲವರು ಫೈಫೊವನ್ನು ಓದಲೂ ಬರೆಯಲೂ ಒಟ್ಟಿಗೇ ತೆರೆದುಬಿಡುತ್ತಾರೆ. ಲಿನಕ್ಸಿನಲ್ಲಿ ಅದು ನಡೆಯುತ್ತದೆ. ಆದರೆ ಯುನಿಕ್ಸ್‌ಗಳ ಸಾಮಾನ್ಯ ನಿಯಮ ಪುಸ್ತಕವಾದ ಪೋಸಿಕ್ಸ್, ಹೀಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಗೊತ್ತುಪಡಿಸಿಯೇ ಇಲ್ಲ. ಹಾಗೆ ಬರೆದ ಕೋಡ್ ಬೇರೆ ಯುನಿಕ್ಸಿಗೆ ಹೋದರೆ ಏನಾಗುವುದೋ ಆ ಯುನಿಕ್ಸಿನ ಇಷ್ಟ. ನಿಯಮದೊಳಗಿನ ದಾರಿಯೂ ಇದೆ: ಮೊದಲು ನಾನ್‌ಬ್ಲಾಕ್ ಹಾಕಿ ಓದಲು ತೆರೆಯಿರಿ, ಆಮೇಲೆ ಅದೇ ಫೈಫೊವನ್ನು ಬರೆಯಲು ಇನ್ನೊಮ್ಮೆ ತೆರೆದು ಇಟ್ಟುಕೊಳ್ಳಿ. ಬರೆಯಲು ತೆರೆದ ಆ ತುದಿಗೆ ಏನನ್ನೂ ಬರೆಯಬೇಕಿಲ್ಲ.

ಬರೆಯದ ತುದಿಯನ್ನು ಹಿಡಿದಿಟ್ಟುಕೊಂಡು ಏನು ಲಾಭ ಎಂದು ಕೇಳಬಹುದು. ಬರೆಯುವವರೆಲ್ಲ ತುದಿ ಮುಚ್ಚಿದರೆ ಓದುವವನಿಗೆ ‘ಫೈಲ್ ಮುಗಿಯಿತು’ ಎಂಬ ಉತ್ತರ ಬರುತ್ತದೆ. ಹಗಲು ರಾತ್ರಿ ಓಡಬೇಕಾದ ಸರ್ವರ್ ಪೋಲ್ ಎಂಬ ಕರೆಯಲ್ಲಿ ಮುಂದಿನ ಗಿರಾಕಿಗಾಗಿ ಕಾಯುತ್ತಿದ್ದರೆ, ಮೊದಲ ಗಿರಾಕಿ ಹೋದ ಕ್ಷಣದಿಂದ ಲಿನಕ್ಸ್ ಅದಕ್ಕೆ ‘ಆಚೆಯವರು ಹೋದರು, ಆಚೆಯವರು ಹೋದರು’ ಎಂದು ಒಂದೇ ಸಮನೆ ಹೇಳುತ್ತದೆ. ಸರ್ವರ್ ಪ್ರತಿ ಸಲವೂ ಎದ್ದು ನೋಡುತ್ತದೆ, ಏನೂ ಇರುವುದಿಲ್ಲ, ಮತ್ತೆ ಕೇಳುತ್ತದೆ. ಸಿಪಿಯು ಶೇಕಡಾ 100 ಮುಟ್ಟಿ ಫ್ಯಾನ್ ಕೂಗತೊಡಗಿದರೆ ಇದನ್ನು ನೆನಪಿಸಿಕೊಳ್ಳಿ. ಸರ್ವರ್ ತಾನೇ ಒಂದು ಬರೆಯುವ ತುದಿ ಹಿಡಿದಿದ್ದರೆ ‘ಎಲ್ಲರೂ ಹೋದರು’ ಎಂಬ ಸ್ಥಿತಿ ಬರುವುದೇ ಇಲ್ಲ. ಇದರ ತದ್ವಿರುದ್ಧ ರೋಗವೂ ಉಂಟು. ಫೋರ್ಕ್ ಮಾಡಿ ಮಗುವನ್ನು ಹುಟ್ಟಿಸಿದ ಮೇಲೆ ತಾಯಿ ಪ್ರಾಸೆಸ್ ತನಗೆ ಬೇಡದ ಬರೆಯುವ ತುದಿಯನ್ನು ಮುಚ್ಚಲು ಮರೆತರೆ, ಮಗು ಪ್ರಾಸೆಸ್ ಮುಗಿಯದ ಫೈಲಿನ ಮುಕ್ತಾಯಕ್ಕಾಗಿ ಕಾಯುತ್ತಲೇ ಕೂರುತ್ತದೆ.

ಗಾತ್ರದ ವಿಷಯಕ್ಕೆ ಬರೋಣ. ಒಂದೇ ಫೈಫೊಗೆ ಹಲವರು ಒಟ್ಟಿಗೆ ಬರೆದರೆ ಒಬ್ಬನ ಸಾಲಿನ ನಡುವೆ ಇನ್ನೊಬ್ಬನ ಸಾಲು ತೂರಿಕೊಳ್ಳಬಾರದು. ಪೈಪ್-ಬಫ್ ಎಂಬ ಮಿತಿಯೊಳಗಿನ ಬರಹ ಹೀಗೆ ಒಡೆಯುವುದಿಲ್ಲ ಎಂಬ ಭರವಸೆಯನ್ನು ಪೋಸಿಕ್ಸ್ ಕೊಡುತ್ತದೆ. ಆದರೆ ಆ ಮಿತಿ ಕನಿಷ್ಠ 512 ಬೈಟ್ ಇರಬೇಕು ಎಂದಷ್ಟೇ ಅದರ ನಿಯಮ. ಲಿನಕ್ಸಿನಲ್ಲಿ ಅದು 4,096, ಮ್ಯಾಕ್‌ನಲ್ಲಿ 512. ಸಾವಿರ ಬೈಟಿನ ಲಾಗ್ ಸಾಲುಗಳು ಲಿನಕ್ಸಿನಲ್ಲಿ ಅಚ್ಚುಕಟ್ಟಾಗಿ ಬಂದು ಮ್ಯಾಕ್‌ನಲ್ಲಿ ಕಲಸಿಹೋಗುವುದಕ್ಕೆ ಈ ವ್ಯತ್ಯಾಸ ಸಾಕು. ಪೈಪಿನ ಒಟ್ಟು ಹಿಡಿತವೂ ಹಾಗೇ. ಲಿನಕ್ಸಿನಲ್ಲಿ 2.6.11ರಿಂದ ಅದು 65,536 ಬೈಟ್, ಅದಕ್ಕೂ ಹಿಂದೆ ಮೆಮೊರಿಯ ಒಂದು ಪುಟದಷ್ಟು ಮಾತ್ರ. ಎರಡು ಪ್ರೋಗ್ರಾಂಗಳು ಎರಡು ಫೈಫೊ ಇಟ್ಟುಕೊಂಡು, ಇಬ್ಬರೂ ಮೊದಲು 50,000 ಬೈಟ್ ಬರೆದು ಆಮೇಲೆ ಓದುವ ಹಾಗಿದ್ದರೆ, ದೊಡ್ಡ ಪೈಪಿನಲ್ಲಿ ಬಚಾವಾಗುತ್ತವೆ. ಸಣ್ಣ ಪೈಪಿನಲ್ಲಿ ಇಬ್ಬರೂ ಬರೆಯುತ್ತಲೇ ಸಿಕ್ಕಿಬೀಳುತ್ತಾರೆ, ಯಾರೂ ಓದುವ ಸರದಿಗೆ ಬರುವುದಿಲ್ಲ.

ಹೊಸ ಲಿನಕ್ಸಿಗೆ ಹಳೆಯ ಲಿನಕ್ಸಿನ ಸ್ಕ್ರಿಪ್ಟ್ ತಂದವರು ಎಡವುವ ಜಾಗ ಇನ್ನೊಂದಿದೆ. ಟೆಂಪ್ ಡೈರೆಕ್ಟರಿಯಂಥ ಎಲ್ಲರೂ ಬರೆಯಬಹುದಾದ ಜಾಗದಲ್ಲಿ ಬೇರೊಬ್ಬರು ಮಾಡಿದ ಫೈಫೊಗೆ ‘ಇಲ್ಲದಿದ್ದರೆ ಹುಟ್ಟಿಸು’ ಎಂಬ ಸೂಚನೆಯ ಜೊತೆ ಓಪನ್ ಮಾಡಿದರೆ 4.19ರಿಂದ ಈಚಿನ ಕರ್ನಲ್ ತಡೆಯಬಲ್ಲದು. ಪ್ರೊಟೆಕ್ಟೆಡ್ ಫೈಫೋಸ್ ಎಂಬ ಸೆಟ್ಟಿಂಗ್ ಅದು. ಶೆಲ್‌ನ ಬಾಣದ ಗುರುತು ಇದೇ ಸೂಚನೆಯನ್ನು ಗುಟ್ಟಾಗಿ ಕೊಡುತ್ತದೆ. ಹಾಗಾಗಿ ಹತ್ತು ವರ್ಷ ಓಡಿದ ಒಂದು ಸಾಲಿನ ಸ್ಕ್ರಿಪ್ಟ್ ರೂಟ್‌ಗೂ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಕಿಡಿಗೇಡಿ ಯಾರೋ ಮುಂಚೆಯೇ ಅದೇ ಹೆಸರಿನ ಫೈಫೊ ಇಟ್ಟು ನಿಮ್ಮ ಮಾಹಿತಿ ಕದಿಯದಿರಲಿ ಎಂಬ ಕಾಳಜಿ ಇದರ ಹಿಂದಿದೆ. ಸೆಟ್ಟಿಂಗ್ ಆರಿಸುವುದು ಪರಿಹಾರವಲ್ಲ, ಫೈಫೊವನ್ನು ಸ್ವಂತ ಡೈರೆಕ್ಟರಿಗೆ ಸ್ಥಳಾಂತರಿಸುವುದು ಪರಿಹಾರ.

ಇಷ್ಟು ಹೊತ್ತು ಕಾಯುವವರ ಕಥೆ. ಇನ್ನು ಸಾಯುವವರ ಕಥೆ.

ಪೈಪಿನ ಆಚೆ ತುದಿಯಲ್ಲಿ ಓದುವವರು ಯಾರೂ ಇಲ್ಲದಾಗ ಬರೆದರೆ ಕರ್ನಲ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸುತ್ತದೆ. ಅದರ ನಂಬರ್ 13. ಪ್ರೋಗ್ರಾಂ ಅದಕ್ಕೆ ಏನೂ ಏರ್ಪಾಡು ಮಾಡಿಕೊಂಡಿರದಿದ್ದರೆ ಅಲ್ಲೇ ಸಾಯುತ್ತದೆ, ಒಂದು ಮಾತೂ ಆಡದೆ. ಟರ್ಮಿನಲ್‌ನಲ್ಲಿ ‘ಯೆಸ್’ ಕಮಾಂಡಿನ ಫಲಿತಾಂಶವನ್ನು ‘ಹೆಡ್’ಗೆ ಪೈಪ್ ಮಾಡಿ. ಕೊನೆಯಿಲ್ಲದೆ ವೈ ಅಕ್ಷರ ಉಗುಳಬೇಕಾದ ಯೆಸ್, ಹೆಡ್ ಹತ್ತು ಸಾಲು ಓದಿ ಎದ್ದುಹೋದ ಕೂಡಲೇ ನಿಲ್ಲುತ್ತದೆ. ಬ್ಯಾಷ್‌ನಲ್ಲಿ ಅದರ ನಿರ್ಗಮನ ಸಂಖ್ಯೆ ಕೇಳಿದರೆ 141 ಎಂದು ಬರುತ್ತದೆ. ಸಿಗ್ನಲ್‌ನಿಂದ ಸತ್ತದ್ದಾದರೆ ಬ್ಯಾಷ್ 128ಕ್ಕೆ ಸಿಗ್ನಲ್ ನಂಬರ್ ಕೂಡಿಸಿ ಹೇಳುತ್ತದೆ. 128ಕ್ಕೆ 13 ಕೂಡಿದರೆ 141. ಮೌನವಾಗಿ ಸತ್ತ ಪ್ರೋಗ್ರಾಂ ಬಿಟ್ಟುಹೋಗುವ ಸಾಕ್ಷಿ ಎಷ್ಟೋ ಸಲ ಈ ಸಂಖ್ಯೆ ಒಂದೇ.

ಯೆಸ್ ಹೀಗೆ ಸಾಯುವುದು ಒಳ್ಳೆಯದು, ಆದರೆ ಬ್ಯಾಂಕಿನ ಲೆಕ್ಕ ಬರೆಯುತ್ತಿರುವ ಸರ್ವರ್ ಹೀಗೆ ಸಾಯಬಾರದು. ಅದಕ್ಕೇ ಸರ್ವರ್‌ಗಳು ಸಿಗ್‌ಪೈಪ್ ಅನ್ನು ನಿರ್ಲಕ್ಷಿಸಿ, ರೈಟ್ ಕರೆ ಹಿಂದಿರುಗಿಸುವ ಇಪೈಪ್ ಎಂಬ ದೋಷವನ್ನು ನೋಡಿಕೊಳ್ಳುತ್ತವೆ. ತೊಡಕಿರುವುದು ಆನುವಂಶಿಕತೆಯಲ್ಲಿ. ಒಂದು ಪ್ರಾಸೆಸ್ ಇನ್ನೊಂದು ಪ್ರೋಗ್ರಾಮನ್ನು ಎಕ್ಸೆಕ್ ಮಾಡಿದಾಗ, ಸಿಗ್ನಲ್ ಬಂದರೆ ಓಡಲೆಂದು ಇಟ್ಟ ಹ್ಯಾಂಡ್ಲರ್‌ಗಳು ಅಳಿಸಿಹೋಗುತ್ತವೆ, ಆದರೆ ‘ನಿರ್ಲಕ್ಷಿಸು’ ಎಂಬ ನಿರ್ಧಾರ ಹಾಗೇ ದಾಟುತ್ತದೆ. ಪೈಥಾನ್ ತಾನು ಶುರುವಾಗುವಾಗ ಸಿಗ್‌ಪೈಪ್ ನಿರ್ಲಕ್ಷಿಸುತ್ತದೆ. ಪೈಥಾನ್-2ರಿಂದ ಹೊರಟ ಮಕ್ಕಳು ಆ ನಿರ್ಲಕ್ಷ್ಯವನ್ನು ಬಳುವಳಿಯಾಗಿ ಪಡೆದು, ಸಾಯಬೇಕಾದಲ್ಲಿ ಸಾಯದೆ ‘ಬ್ರೋಕನ್ ಪೈಪ್’ ಎಂದು ಗೊಣಗುತ್ತಿದ್ದವು. ಪೈಥಾನ್-3ರ ಸಬ್‌ಪ್ರಾಸೆಸ್ ಅದನ್ನು ಮೊದಲಿನ ಸ್ಥಿತಿಗೆ ತಂದು ಕಳಿಸುತ್ತದೆ. ಲಿನಕ್ಸಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರಾಸೆಸ್‌ನ ಸ್ಟೇಟಸ್ ಫೈಲ್ ತೆರೆದರೆ ಸಿಗ್‌ಇಗ್ನ್ ಎಂಬ ಸಾಲಿರುತ್ತದೆ. ಅದು 1000ದಲ್ಲಿ ಕೊನೆಗೊಂಡು ಉಳಿದದ್ದೆಲ್ಲ ಸೊನ್ನೆಯಾಗಿದ್ದರೆ ಹದಿಮೂರನೇ ಸಿಗ್ನಲ್ ಮಾತ್ರ ನಿರ್ಲಕ್ಷಿತ ಎಂದರ್ಥ.

ನಂಬರ್ ಎಂದೆ, ಅಲ್ಲೂ ಹುಷಾರು. 1, 2, 3, 6, 9, 14, 15 ಇಷ್ಟರ ಅರ್ಥವನ್ನು ಮಾತ್ರ ಕಿಲ್ ಕಮಾಂಡಿಗೆ ಪೋಸಿಕ್ಸ್ ಗಟ್ಟಿಮಾಡಿದೆ. ಮಿಕ್ಕವು ಆಯಾ ವ್ಯವಸ್ಥೆಯ ಪದ್ಧತಿ. ಪಿಸಿಯ ಲಿನಕ್ಸಿನಲ್ಲಿ 10 ಎಂದರೆ ಸಿಗ್-ಯೂಸರ್-1, ‘ಸೆಟ್ಟಿಂಗ್ ಮತ್ತೆ ಓದಿಕೋ’ ಎಂದು ಹೇಳಲು ಹಲವು ಪ್ರೋಗ್ರಾಂಗಳು ಬಳಸುವಂಥದ್ದು. ಮ್ಯಾಕ್ ಮತ್ತು ಫ್ರೀಬಿಎಸ್‌ಡಿಯಲ್ಲಿ ಅದೇ 10 ಸಿಗ್‌ಬಸ್, ಅಂದರೆ ಮೆಮೊರಿ ದೋಷದ ಸಿಗ್ನಲ್. ಅಲ್ಲಿ ಸಿಗ್-ಯೂಸರ್-1ರ ನಂಬರ್ 30. ಲಿನಕ್ಸಿನಲ್ಲಿ ‘ಕಿಲ್ ಮೈನಸ್ 10’ ಎಂದು ಬರೆದ ಸ್ಕ್ರಿಪ್ಟ್ ಮ್ಯಾಕ್‌ನಲ್ಲಿ ಸೆಟ್ಟಿಂಗ್ ಓದಿಸುವ ಬದಲು ಪ್ರೋಗ್ರಾಮನ್ನೇ ಕೊಲ್ಲುತ್ತದೆ. ಲಿನಕ್ಸೇ ಆದರೂ ಚಿಪ್ ಬದಲಾದರೆ ನಂಬರ್ ಬದಲಾಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯವರೂ ಬೆಂಗಳೂರಿನ ಎನ್‌ಕೋರ್‌ನವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಆರ್ಮ್ ವಂಶದ ಚಿಪ್ ಮೇಲೆ ಲಿನಕ್ಸ್ ಓಡಿಸಿತು. ಆರ್ಮ್‌ನಲ್ಲಿ ನಂಬರುಗಳು ಪಿಸಿಯವೇ. ಆದರೆ ಮಿಪ್ಸ್ ಚಿಪ್ಪಿನ ಲಿನಕ್ಸಿನಲ್ಲಿ ಸಿಗ್-ಯೂಸರ್-1 ಎಂದರೆ 16. ಆದ್ದರಿಂದ ನಂಬರ್ ಬಿಟ್ಟು ಹೆಸರು ಬರೆಯುವುದು ಲೇಸು.

ಹೆಸರು ಸರಿಯಿದ್ದರೂ ನಡವಳಿಕೆ ಬೇರೆಯಾಗಬಹುದು. ಹಳೆಯ ಯುನಿಕ್ಸಿನಲ್ಲಿ ಸಿಗ್ನಲ್ ಹ್ಯಾಂಡ್ಲರ್ ಒಂದು ಸಲಕ್ಕೆ ಮಾತ್ರ. ಒಮ್ಮೆ ಸಿಗ್ನಲ್ ಬಂದ ಕೂಡಲೇ ವ್ಯವಸ್ಥೆ ತನ್ನ ಮೂಲ ನಡವಳಿಕೆಗೆ ಮರಳುತ್ತಿತ್ತು. ಬರ್ಕಲಿಯವರು 1983ರ 4.2 ಬಿಎಸ್‌ಡಿಯಲ್ಲಿ ಅದನ್ನು ಶಾಶ್ವತ ಮಾಡಿದರು. 1988ರ ಪೋಸಿಕ್ಸ್, ಈಗ ಎರಡರಲ್ಲಿ ಬೇಕಾದ್ದನ್ನು ಸ್ಪಷ್ಟವಾಗಿ ಆರಿಸಿಕೊಳ್ಳಲು ಬಿಡುವ ಸಿಗ್‌ಆ್ಯಕ್ಷನ್ ಎಂಬ ಕರೆಯನ್ನು ಕೊಟ್ಟಿತು. ಆದರೂ ಪಠ್ಯದಲ್ಲಿ ಹಳೆಯ ಸಿಗ್ನಲ್ ಫಂಕ್ಷನ್ನೇ ಮುಂದುವರಿದಿದೆ. ಕಂಟ್ರೋಲ್-ಸಿ ಒತ್ತಿದರೆ ‘ಸಿಕ್ಕಿತು’ ಎಂದು ಹೇಳುವ ಪುಟ್ಟ ಪ್ರೋಗ್ರಾಂ ಬರೆದು ಲಿನಕ್ಸಿನ ಜಿಸಿಸಿಯಲ್ಲಿ ಹಾಗೇ ಕಂಪೈಲ್ ಮಾಡಿ. ಎಷ್ಟು ಸಲ ಒತ್ತಿದರೂ ಹಿಡಿಯುತ್ತದೆ. ಅದೇ ಫೈಲನ್ನು ‘ಸಿ-99 ಮಾತ್ರ’ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿ. ಮೊದಲ ಸಲ ಹಿಡಿಯುತ್ತದೆ, ಎರಡನೇ ಸಲ ಸಾಯುತ್ತದೆ. ಒಂದೇ ಯಂತ್ರ, ಒಂದೇ ಕೋಡ್. ಬದಲಾದದ್ದು ಕಂಪೈಲರಿಗೆ ಕೊಟ್ಟ ಒಂದು ಆಯ್ಕೆ. ಅದು ಗ್ಲಿಬ್‌ಸಿ ಲೈಬ್ರರಿಯನ್ನು ಹಳೆಯ ನಡವಳಿಕೆಗೆ ಒಯ್ದಿತು. ಸೋಲಾರಿಸ್‌ನಲ್ಲೂ ವಿಂಡೋಸ್‌ನ ಸಿ ಲೈಬ್ರರಿಯಲ್ಲೂ ಈ ಒಂದೇ ಸಲದ ಪದ್ಧತಿ ಇದೆ. ಜೊತೆಗೆ ಬರುವ ಇನ್ನೊಂದು ಭೇದ: ಓದುತ್ತಾ ಕೂತಿದ್ದಾಗ ಸಿಗ್ನಲ್ ಬಂದರೆ ರೀಡ್ ಕರೆ ತಾನಾಗಿ ಮುಂದುವರಿಯಬೇಕೋ, ‘ನಡುವೆ ತಡೆ ಬಂತು’ ಎಂಬ ಇಇಂಟರ್ ದೋಷ ಕೊಟ್ಟು ನಿಲ್ಲಬೇಕೋ? ಬಿಎಸ್‌ಡಿ ಸಂಪ್ರದಾಯ ಮೊದಲನೆಯದು, ಸಿಸ್ಟಂ-5 ಯುನಿಕ್ಸಿನ ಸಂಪ್ರದಾಯ ಎರಡನೆಯದು. ಸಿಗ್‌ಆ್ಯಕ್ಷನ್ ಬಳಸಿ ರೀಸ್ಟಾರ್ಟ್ ಬೇಕೋ ಬೇಡವೋ ಎಂದು ಬಾಯಿಬಿಟ್ಟು ಬರೆದರೆ ಈ ಜಗಳ ತಪ್ಪುತ್ತದೆ.

ಈಗಿನ ಕಾಲದ ಪೋರ್ಟಿಂಗ್ ಎಂದರೆ ಹೆಚ್ಚಾಗಿ ಡಾಕರ್ ಕಂಟೇನರ್ ಒಳಗೆ ಹಾಕುವುದು. ಅಲ್ಲಿ ಪ್ರೋಗ್ರಾಂ 1ನೇ ನಂಬರಿನ ಪ್ರಾಸೆಸ್ ಆಗಿ ಓಡುತ್ತದೆ. ಒಂದನೇ ಪ್ರಾಸೆಸ್ ತಾನಾಗಿ ಹ್ಯಾಂಡ್ಲರ್ ಇಟ್ಟುಕೊಂಡಿರದ ಸಿಗ್ನಲ್‌ಗಳನ್ನು ಕಂಟೇನರ್ ಒಳಗಿನಿಂದ ಯಾರೇ ಕಳಿಸಿದರೂ ಕರ್ನಲ್ ತಲುಪಿಸುವುದಿಲ್ಲ; ಹೊರಗಿನಿಂದ ಬಂದ ಟರ್ಮ್ ಎಂಬ 15ನೇ ಸಿಗ್ನಲ್ಲಿಗೂ ಅದೇ ಗತಿ. ಡಾಕರ್ ಸ್ಟಾಪ್ ಕೊಟ್ಟಾಗ ಮೊದಲು ಟರ್ಮ್ ಹೋಗುತ್ತದೆ, ಉತ್ತರವಿಲ್ಲದಿದ್ದರೆ 10 ಸೆಕೆಂಡ್ ಬಿಟ್ಟು 9ನೇ ನಂಬರಿನ ಕಿಲ್ ಹೋಗುತ್ತದೆ. ನಿಮ್ಮ ಕಂಟೇನರ್ ಪ್ರತಿ ಸಲವೂ ಸರಿಯಾಗಿ ಹತ್ತು ಸೆಕೆಂಡ್ ತಡೆದು ನಿಲ್ಲುತ್ತಿದ್ದರೆ ಟರ್ಮ್ ಯಾರಿಗೂ ತಲುಪುತ್ತಿಲ್ಲ ಎಂದೇ ಅರ್ಥ. ಪ್ರೋಗ್ರಾಂ ಮತ್ತು ಡಾಕರ್ ನಡುವೆ ಶೆಲ್ ಒಂದು ಕೂತಿದ್ದರೂ ಹೀಗಾಗುತ್ತದೆ, ಬಂದ ಸಿಗ್ನಲ್ಲನ್ನು ಅದು ಮಕ್ಕಳಿಗೆ ದಾಟಿಸುವುದಿಲ್ಲ.

ವಿಂಡೋಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲೂ ನೇಮ್ಡ್ ಪೈಪ್ ಇದೆ, ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಅದು ಮಾಮೂಲಿ ಫೋಲ್ಡರ್‌ನಲ್ಲಿ ಇರುವುದಿಲ್ಲ, ಎರಡೂ ದಿಕ್ಕಿಗೆ ಮಾತಾಡಬಲ್ಲದು, ನೆಟ್‌ವರ್ಕ್ ದಾಟಬಲ್ಲದು, ಹಿಡಿದವರೆಲ್ಲ ಬಿಟ್ಟ ಮೇಲೆ ಮಾಯವಾಗುತ್ತದೆ. ಸಿಗ್ನಲ್‌ಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇವೆ. ಕಂಟ್ರೋಲ್-ಸಿ ಒತ್ತಿದರೆ ಹ್ಯಾಂಡ್ಲರ್ ಹೊಸ ಥ್ರೆಡ್ ಒಂದರಲ್ಲಿ ಓಡುತ್ತದೆ. ಯುನಿಕ್ಸ್ ಕೋಡ್ ಒಯ್ಯಬೇಕಾದರೆ ಡಬ್ಲ್ಯುಎಸ್‌ಎಲ್-2 ಹಾಕಿಕೊಳ್ಳುವುದು ಜಾಣತನ, ಅದರಲ್ಲಿರುವುದು ನಿಜವಾದ ಲಿನಕ್ಸ್ ಕರ್ನಲ್.

ಹಾಗಾದರೆ ಪರೀಕ್ಷೆಯ ಕ್ರಮ ಹೇಗಿರಬೇಕು? ಕೋಡ್ ತೆರೆಯುವ ಮೊದಲು ಸತ್ತಿದೆಯೋ ಕಾಯುತ್ತಿದೆಯೋ ನೋಡಿ. ಸತ್ತಿದ್ದರೆ ನಿರ್ಗಮನ ಸಂಖ್ಯೆ ಕೇಳಿ, 128 ಕಳೆಯಿರಿ, ಉಳಿದ ನಂಬರಿಗೆ ಅದೇ ಯಂತ್ರದಲ್ಲಿ ‘ಕಿಲ್ ಮೈನಸ್ ಎಲ್’ ಕೊಟ್ಟು ಹೆಸರು ತಿಳಿಯಿರಿ. ಕಾಯುತ್ತಿದ್ದರೆ ಎಸ್‌ಟ್ರೇಸ್ ಹಚ್ಚಿ ಯಾವ ಕರೆಯಲ್ಲಿ ನಿಂತಿದೆ ನೋಡಿ. ಫ್ರೀಬಿಎಸ್‌ಡಿಯಲ್ಲಿ ಆ ಕೆಲಸಕ್ಕೆ ಟ್ರಸ್ ಇದೆ. ಓಪನ್‌ನಲ್ಲಿ ನಿಂತಿದ್ದರೆ ಜೊತೆಗಾರ ಬಂದಿಲ್ಲ. ರೀಡ್‌ನಲ್ಲಿ ನಿಂತಿದ್ದರೆ ಯಾರೋ ಬರೆಯುವ ತುದಿ ಹಿಡಿದುಕೊಂಡಿದ್ದಾರೆ, ಯಾರೆಂದು ಎಲ್‌ಎಸ್‌ಒಎಫ್ ಹೇಳುತ್ತದೆ. ರೈಟ್‌ನಲ್ಲಿ ನಿಂತಿದ್ದರೆ ಪೈಪ್ ತುಂಬಿದೆ, ಓದುವವನು ಬೇರೆಲ್ಲೋ ಸಿಕ್ಕಿಕೊಂಡಿದ್ದಾನೆ. ಕೋಡಿನ ಕಡೆ ಹೋಗಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

ಇಷ್ಟು ಕಷ್ಟ ಯಾಕೆ, ನಡುವೆ ಒಂದು ಸ್ಲೀಪ್ ಹಾಕಿದರೆ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. ಓದುವವನು ಬರುವಷ್ಟರಲ್ಲಿ ಬರೆಯುವವನು ಒಂದು ಸೆಕೆಂಡ್ ಮಲಗಲಿ ಎಂಬ ಲೆಕ್ಕ. ಸಿಗ್ನಲ್‌ನಲ್ಲೂ ಇದೇ ಉಪಾಯ ನಡೆಯುತ್ತದೆ: ಸಿಗ್ನಲ್ ಬಂತೋ ಇಲ್ಲವೋ ಎಂದು ನೋಡುವುದು, ಬಂದಿಲ್ಲದಿದ್ದರೆ ಪಾಜ್ ಎಂಬ ಕರೆ ಕೊಟ್ಟು ಮಲಗುವುದು. ನೋಡುವುದಕ್ಕೂ ಮಲಗುವುದಕ್ಕೂ ನಡುವಿನ ಕೂದಲೆಳೆಯಷ್ಟು ಸಮಯದಲ್ಲಿ ಸಿಗ್ನಲ್ ಬಂದುಹೋದರೆ ಪ್ರೋಗ್ರಾಂ ಇನ್ನೆಂದೂ ಏಳುವುದಿಲ್ಲ. ಹಳೆಯ ಯಂತ್ರದಲ್ಲಿ ಆ ಸಮಯ ಒಮ್ಮೆಯೂ ಕೂಡಿಬರದೆ, ಹಲವು ಕೋರ್‌ಗಳ ಹೊಸ ಸರ್ವರಿನಲ್ಲಿ ವಾರಕ್ಕೊಮ್ಮೆ ಕೂಡಿಬರಬಹುದು. ಸಿಗ್‌ಸಸ್ಪೆಂಡ್ ಅಥವಾ ಪಿಸೆಲೆಕ್ಟ್ ಈ ಎರಡು ಹೆಜ್ಜೆಗಳನ್ನು ಒಂದೇ ಮಾಡಿ ಆ ಸಂದನ್ನು ಮುಚ್ಚುತ್ತವೆ. ಸ್ಲೀಪ್ ಮುಚ್ಚುವುದಿಲ್ಲ. ಯಾರು ಯಾರಿಗಾಗಿ ಕಾಯಬೇಕು ಎಂಬುದನ್ನು ಕೋಡಿನಲ್ಲಿ ಬರೆಯುವ ಬದಲು ಅದು ಗಡಿಯಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಂದು ಸೆಕೆಂಡ್ ಸಾಕಾಗಬಹುದು, ಮಾರ್ಚ್ 31ರ ಸಂಜೆ ವರ್ಷದ ಲೆಕ್ಕ ಮುಗಿಸುತ್ತಿರುವ ಸರ್ವರಿನಲ್ಲಿ ಸಾಲುವುದಿಲ್ಲ. ಹಳೆಯ ಕೋಡ್ ಕೈಗೆ ಬಂದಾಗ ಇಂಥ ಸ್ಲೀಪ್‌ಗಳನ್ನು ಮೊದಲು ಹುಡುಕಿ ಅಳಿಸಿ. ಎಲ್ಲಿ ಬೀಳುತ್ತದೋ ನೋಡಿ. ಪೋರ್ಟಿಂಗ್ ಕೆಲಸ ಅಲ್ಲಿಂದ ಶುರು.